ಪಾಳಿ ಪಟ್ಟಿಯನ್ನು ಪಿಡಿಎಫ್ ಮಾಡಿ ಹಂಚುವುದು: ಡೌನ್‌ಲೋಡ್ ಆಗದೆ ಬ್ರೌಸರ್‌ನಲ್ಲೇ ತೆರೆಯಬೇಕೆಂದರೆ ಏನು ಮಾಡಬೇಕು?

ಜಮಖಂಡಿಯ ಲೆಕ್ಕಿಗ · ಸೋಮವಾರ, ಬೆಳಿಗ್ಗೆ 7.40

ಎಲ್ಲರಿಗೂ ನಮಸ್ಕಾರ. ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ನಮ್ಮ ಊರಿನಲ್ಲಿ ರೈತರೇ ಕೂಡಿ ನಡೆಸುವ ಒಂದು ಸಣ್ಣ ಏತ ನೀರಾವರಿ ವ್ಯವಸ್ಥೆ ಇದೆ. ಒಟ್ಟು 186 ಖಾತೆದಾರರು. ಯಾರ ಹೊಲಕ್ಕೆ ಯಾವ ದಿನ ಎಷ್ಟು ತಾಸು ನೀರು ಎಂಬ ಪಾಳಿ ಪಟ್ಟಿಯನ್ನೂ, ವಿದ್ಯುತ್ ಬಿಲ್ಲು ಮತ್ತು ಮೋಟಾರು ದುರಸ್ತಿಯ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂಬ ಲೆಕ್ಕವನ್ನೂ ನಾಲ್ಕು ವರ್ಷಗಳಿಂದ ನಾನೇ ಇಡುತ್ತಿದ್ದೇನೆ.

ಮೊದಲು ಎಕ್ಸೆಲ್ ಕಡತವನ್ನೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದೆ. ಅರ್ಧ ಜನರ ಫೋನಿನಲ್ಲಿ ಅದು ತೆರೆಯುತ್ತಲೇ ಇರಲಿಲ್ಲ. ತೆರೆದವರಿಗೂ ಎಡಗಡೆಯ ಮೂರು ಕಾಲಂ ಮಾತ್ರ ಕಂಡು ಉಳಿದದ್ದು ಕಾಣದೆ, ರಾತ್ರಿ ಹತ್ತಕ್ಕೆ ನನಗೇ ಫೋನು ಬರುತ್ತಿತ್ತು. ಆಮೇಲೆ ಗೂಗಲ್ ಶೀಟ್ಸ್‌ಗೆ ಏರಿಸಿ ಕೊಂಡಿ ಕೊಟ್ಟೆ. ಕೊಂಡಿ ಇದ್ದವರೆಲ್ಲರೂ ತಿದ್ದಬಹುದು ಎಂಬ ಆಯ್ಕೆಯನ್ನು ಅವಸರದಲ್ಲಿ ಒತ್ತಿದ್ದು ನನ್ನದೇ ತಪ್ಪು. ಯಾರದೋ ಬೆರಳು ತಾಗಿ ಒಬ್ಬರ ಆರು ತಾಸಿನ ಪಾಳಿ ಅರವತ್ತು ತಾಸಾಗಿ, ಕಬ್ಬಿಗೆ ನೀರು ಬೇಕಾದ ಹೊತ್ತಿನಲ್ಲಿ ಪಂಪ್‌ಹೌಸಿನ ಮುಂದೆ ಜಗಳವೇ ಆಯಿತು.

ಈಗ ಪಟ್ಟಿಯನ್ನು ಪಿಡಿಎಫ್ ಮಾಡಿ ಒಂದೇ ಕೊಂಡಿಯ ಮೂಲಕ ಕೊಡಬೇಕೆಂದಿದ್ದೇನೆ. ಒತ್ತಿದ ಕೂಡಲೇ ಬ್ರೌಸರ್‌ನಲ್ಲಿ ತೆರೆಯಬೇಕು, ಪ್ರತಿ ವಾರ ಹೊಸ ಪಟ್ಟಿ ಹಾಕಿದರೂ ಕೊಂಡಿ ಬದಲಾಗಬಾರದು, ನೋಡುವವರು ತಿದ್ದಲು ಬರಬಾರದು. ಆದರೆ ಗೂಗಲ್ ಶೀಟ್ಸ್‌ನಿಂದ ನೇರವಾಗಿ ಪಿಡಿಎಫ್ ಕೊಡುವ ಒಂದು ಕೊಂಡಿಯನ್ನು ಯಾರೋ ಹೇಳಿಕೊಟ್ಟದ್ದನ್ನು ಪ್ರಯತ್ನಿಸಿದಾಗ, ಒತ್ತಿದಾಗಲೆಲ್ಲ ಕಡತ ಡೌನ್‌ಲೋಡ್ ಆಗುತ್ತದೆಯೇ ಹೊರತು ತೆರೆಯುವುದಿಲ್ಲ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ವಿಜಯಪುರದ ಕಂಪ್ಯೂಟರ್ ಉಪನ್ಯಾಸಕಿ · ಸೋಮವಾರ, ಬೆಳಿಗ್ಗೆ 9.15

ಲೆಕ್ಕಿಗರೇ, ತಮ್ಮ ಪಿಡಿಎಫ್‌ನಲ್ಲಿ ದೋಷವೇನೂ ಇಲ್ಲ. ಕಡತವನ್ನು ಕಳುಹಿಸುವ ಸರ್ವರ್ ಅದರ ಜೊತೆಗೆ ಎರಡು ಸೂಚನೆಗಳನ್ನು ಕಳುಹಿಸುತ್ತದೆ. ಇದು ಯಾವ ಬಗೆಯ ಕಡತ ಎಂಬುದು ಮೊದಲನೆಯದು; ಇದನ್ನು ಇಲ್ಲಿಯೇ ತೋರಿಸಬೇಕೋ ಅಥವಾ ಲಗತ್ತೆಂದು ಭಾವಿಸಿ ಉಳಿಸಿಕೊಳ್ಳಬೇಕೋ ಎಂಬುದು ಎರಡನೆಯದು. ತಾವು ಹೇಳುವ ಶೀಟ್ಸ್‌ನ ಎಕ್ಸ್‌ಪೋರ್ಟ್ ಕೊಂಡಿಯು ‘ಅಟ್ಯಾಚ್‌ಮೆಂಟ್’ ಎಂಬ ಸೂಚನೆಯೊಡನೆ ಬರುವುದರಿಂದ ಬ್ರೌಸರ್ ಅದನ್ನು ಉಳಿಸಿಕೊಳ್ಳುತ್ತದೆ. ‘ಇನ್‌ಲೈನ್’ ಎಂಬ ಸೂಚನೆ ಇದ್ದರೆ, ಅಥವಾ ಬಗೆಯನ್ನು ಸರಿಯಾಗಿ ಪಿಡಿಎಫ್ ಎಂದು ತಿಳಿಸಿ ಎರಡನೆಯ ಸೂಚನೆಯನ್ನು ಬಿಟ್ಟಿದ್ದರೂ, ಸಾಮಾನ್ಯವಾಗಿ ಅಲ್ಲಿಯೇ ತೆರೆಯುತ್ತದೆ. ಕೆಲವು ಅಗ್ಗದ ಸರ್ವರ್‌ಗಳಲ್ಲಿ ಬಗೆಯನ್ನೇ ತಪ್ಪಾಗಿ, ‘ಯಾವುದೋ ಒಂದು ಕಡತ’ ಎಂಬಂತೆ ಗುರುತಿಸಿರುತ್ತಾರೆ. ಆಗಲೂ ಡೌನ್‌ಲೋಡ್ ಆಗುತ್ತದೆ.

ತಮಗೆ ಸ್ವಂತ ಸರ್ವರ್ ಇಲ್ಲದಿರುವುದರಿಂದ ಎಕ್ಸ್‌ಪೋರ್ಟ್ ಕೊಂಡಿಯನ್ನು ಬಿಟ್ಟುಬಿಡಿ. ಪಿಡಿಎಫ್ ಅನ್ನು ಒಮ್ಮೆ ತಯಾರಿಸಿ ಗೂಗಲ್ ಡ್ರೈವ್‌ಗೆ ಏರಿಸಿ, ‘ಕೊಂಡಿ ಇದ್ದವರು ನೋಡಬಹುದು’ ಎಂಬಷ್ಟೇ ಅನುಮತಿ ಕೊಡಿ. ಆ ಕೊಂಡಿ ಒತ್ತಿದರೆ ಡ್ರೈವ್‌ನ ವೀಕ್ಷಕದಲ್ಲಿ ತೆರೆಯುತ್ತದೆ. ಮುಂದಿನ ವಾರ ಹೊಸ ಕಡತವನ್ನು ಬೇರೆಯಾಗಿ ಏರಿಸಬೇಡಿ. ಹಳೆಯ ಕಡತದ ಮೇಲೆ ‘ಮ್ಯಾನೇಜ್ ವರ್ಷನ್ಸ್’ ಎಂಬುದನ್ನು ಆರಿಸಿ ಹೊಸ ಆವೃತ್ತಿಯನ್ನು ಅದರಲ್ಲಿಯೇ ಸೇರಿಸಿ. ಕೊಂಡಿ ಅದೇ ಉಳಿಯುತ್ತದೆ, ಒಳಗಿನ ಪಟ್ಟಿ ಹೊಸದಾಗಿರುತ್ತದೆ.

ತಿಕೋಟಾದ ದ್ರಾಕ್ಷಿ ಬೆಳೆಗಾರ · ಸೋಮವಾರ, ಮಧ್ಯಾಹ್ನ 1.05

ನನ್ನದೊಂದು ಭಿನ್ನಾಭಿಪ್ರಾಯವಿದೆ. ಪಿಡಿಎಫ್ ಎಂದರೆ ಲೆಕ್ಕದ ಫೋಟೊ ಇದ್ದ ಹಾಗೆ. ನನ್ನ ಪಾಲು ಹೇಗೆ ಬಂತು ಎಂದು ಕೇಳುವ ಹಕ್ಕು ಖಾತೆದಾರನಿಗೆ ಇದೆಯಲ್ಲವೇ? ಶೀಟ್‌ನಲ್ಲಿ ಅಂಕಿಯ ಮನೆಯ (ಸೆಲ್) ಮೇಲೆ ಬೆರಳಿಟ್ಟರೆ ಸೂತ್ರ ಕಾಣುತ್ತದೆ, ಪಿಡಿಎಫ್‌ನಲ್ಲಿ ಬರಿಯ ಉತ್ತರ ಕಾಣುತ್ತದೆ. ಔಷಧ, ಗೊಬ್ಬರ, ಕೂಲಿ, ಒಣದ್ರಾಕ್ಷಿಯ ಶೆಡ್ಡಿನ ಬಾಡಿಗೆ ಎಂದು ನಾವು ನಾಲ್ವರು ಕೂಡಿ ಖರ್ಚು ಹಂಚಿಕೊಳ್ಳುವಾಗ ಎಲ್ಲರಿಗೂ ಮೂಲ ಶೀಟನ್ನೇ ಕೊಡುತ್ತೇವೆ. ನೋಡಲು ಮಾತ್ರ, ತಿದ್ದಲು ಅಲ್ಲ. ತಿದ್ದುವ ಅನುಮತಿ ಕೊಟ್ಟದ್ದು ತಪ್ಪೆಂದ ಮೇಲೆ ಆ ಅನುಮತಿಯನ್ನು ತೆಗೆದರೆ ಸಾಕಲ್ಲ, ಶೀಟನ್ನೇ ಏಕೆ ಬಚ್ಚಿಡಬೇಕು?

ಜಮಖಂಡಿಯ ಲೆಕ್ಕಿಗ · ಸೋಮವಾರ, ಮಧ್ಯಾಹ್ನ 2.30

ಬೆಳೆಗಾರರೇ, ತಮ್ಮ ಮಾತು ನ್ಯಾಯವಾದುದು. ಆದರೆ ನಾಲ್ವರ ಲೆಕ್ಕ ಬೇರೆ, 186 ಜನರ ಲೆಕ್ಕ ಬೇರೆ. ನಮ್ಮಲ್ಲಿ ಬಹುತೇಕರಿಗೆ ಬೇಕಾದದ್ದು ಒಂದೇ ಸಾಲು: ನನ್ನ ಹೆಸರು, ನನ್ನ ದಿನ, ನನ್ನ ತಾಸು, ನನ್ನ ಬಾಕಿ. ಅದಲ್ಲದೆ ಮೂಲ ಶೀಟ್‌ನಲ್ಲಿ ಎಲ್ಲರ ಫೋನ್ ನಂಬರ್, ಬ್ಯಾಂಕ್ ಖಾತೆ, ಸರ್ವೆ ನಂಬರ್ ಇವೆ. ಅವನ್ನು ಊರಿಗೆಲ್ಲ ಹಂಚಲು ಬರುವುದಿಲ್ಲ. ಕಾಲಂಗಳನ್ನು ಮರೆಮಾಡಿದರೂ ನೋಡಲು ಅನುಮತಿ ಇರುವವರು ಅದರ ಪ್ರತಿ ಮಾಡಿಕೊಂಡು ಮತ್ತೆ ತೆರೆದು ನೋಡಬಹುದು.

ಗುಳೇದಗುಡ್ಡದ ಗುಮಾಸ್ತ · ಸೋಮವಾರ, ಸಂಜೆ 6.20

ಮರೆಮಾಡಿದ ಕಾಲಂಗಳ ವಿಷಯ ಬಂದದ್ದರಿಂದ ನನ್ನ ಕೈಯಿಂದಲೇ ಆದ ಒಂದು ಅನಾಹುತವನ್ನು ಹೇಳಿಬಿಡುತ್ತೇನೆ. ಬೇರೆ ಯಾರೂ ಅದರಲ್ಲಿ ಸಿಲುಕಬಾರದು. ನಾನು ನೇಕಾರರ ಕೂಲಿ ಲೆಕ್ಕವನ್ನು, ಎಕ್ಸೆಲ್ ತರಹದ್ದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಬರೆಯುತ್ತೇನೆ. ಯಾರಿಗೆ ಎಷ್ಟು ನೂಲು ಕೊಟ್ಟೆವು, ಎಷ್ಟು ಖಣ ಬಂತು, ಕೂಲಿ ಎಷ್ಟು ಎಂಬುದು ಒಂದು ಹಾಳೆ. ಮುಂಗಡ, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಇರುವ ಇನ್ನೊಂದು ಹಾಳೆಯನ್ನು ಮರೆಮಾಡಿ ಇಟ್ಟಿದ್ದೆ.

ಪಿಡಿಎಫ್ ಮಾಡುವಾಗ ಸಾಮಾನ್ಯವಾಗಿ ಮರೆಮಾಡಿದ ಹಾಳೆ ಮತ್ತು ಮರೆಮಾಡಿದ ಕಾಲಂ ಬರುವುದಿಲ್ಲ. ಆ ಧೈರ್ಯದಿಂದಲೇ ನಾನಿದ್ದೆ. ಒಂದು ಸಲ ಪಟ್ಟಿ ಎರಡು ಪುಟಕ್ಕೆ ಒಡೆಯುತ್ತಿದೆ ಎಂದು ಬೇಸತ್ತು, ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಇಡೀ ಹಾಳೆಯನ್ನು ಒಂದೇ ಪುಟಕ್ಕೆ ತರುವ ‘ಹೋಲ್ ಶೀಟ್ ಎಕ್ಸ್‌ಪೋರ್ಟ್’ ಎಂಬ ಗುರುತನ್ನು ಹಾಕಿದೆ. ಈ ಆಯ್ಕೆಯು ಕಾಗದದ ಅಳತೆಯನ್ನೂ, ಪ್ರಿಂಟ್ ರೇಂಜನ್ನೂ, ಹಾಳೆ ಮರೆಯಾಗಿದೆಯೇ ಇಲ್ಲವೇ ಎಂಬುದನ್ನೂ ಲೆಕ್ಕಿಸದೆ, ಮರೆಮಾಡಿದ ಹಾಳೆಗಳನ್ನೂ ಸೇರಿಸಿ ಪ್ರತಿಯೊಂದನ್ನೂ ಒಂದೊಂದು ಪುಟವಾಗಿ ಮಾಡುತ್ತದೆ. ನಾನು ಮೊದಲ ಪುಟ ನೋಡಿ ಕಳುಹಿಸಿದೆ. ಎರಡನೆಯ ಪುಟದಲ್ಲಿ ಎಲ್ಲರ ಆಧಾರ್ ಸಂಖ್ಯೆ ಇತ್ತು. ಹತ್ತು ನಿಮಿಷದಲ್ಲಿ ಅಳಿಸಿದೆನಾದರೂ ಅಷ್ಟರಲ್ಲಿ ಎಷ್ಟು ಫೋನುಗಳಿಗೆ ಇಳಿದಿತ್ತೋ ದೇವರಿಗೇ ಗೊತ್ತು.

ಅಂದಿನಿಂದ ಗುಟ್ಟಿನ ಹಾಳೆ ಬೇರೆಯೇ ಕಡತದಲ್ಲಿದೆ. ಪಿಡಿಎಫ್ ತಯಾರಾದ ಮೇಲೆ ಕೊನೆಯ ಪುಟದವರೆಗೂ ನೋಡದೆ ಕಳುಹಿಸುವುದಿಲ್ಲ.

ಬೆಳಗಾವಿಯ ಛಾಪಖಾನೆಯವ · ಸೋಮವಾರ, ರಾತ್ರಿ 8.45

ಗುಮಾಸ್ತರ ಮಾತಿಗೆ ಒಂದು ಜೋಡಣೆ. ಸಂಖ್ಯೆಯ ಮೇಲೆ ಕಪ್ಪು ಬಣ್ಣ ತುಂಬಿ, ಅಥವಾ ಅಕ್ಷರಕ್ಕೆ ಬಿಳಿ ಬಣ್ಣ ಕೊಟ್ಟು ‘ಅಳಿಸಿದೆ’ ಎಂದು ತರುವವರು ನಮ್ಮ ಅಂಗಡಿಗೆ ಬರುತ್ತಲೇ ಇರುತ್ತಾರೆ. ಪಿಡಿಎಫ್‌ನಲ್ಲಿ ಆ ಅಂಕಿಗಳು ಬಣ್ಣದ ಕೆಳಗೆ ಹಾಗೆಯೇ ಉಳಿದಿರುತ್ತವೆ. ಎಳೆದು ಗುರುತಿಸಿ ನಕಲಿಸಿ ಬೇರೆಡೆ ಅಂಟಿಸಿದರೆ ಎಲ್ಲವೂ ಹೊರಬರುತ್ತವೆ. ಕೊಡಬಾರದ ಅಂಕಿಯನ್ನು ಹಂಚುವ ಪ್ರತಿಯಿಂದಲೇ ತೆಗೆಯಬೇಕು.

ಇನ್ನು ಲೆಕ್ಕಿಗರ ಮೂಲ ಪ್ರಶ್ನೆಗೆ ಬರೋಣ. ಕೊಂಡಿಯ ಕೆಲಸ ಅರ್ಧ ಗಂಟೆಯದು. ಪುಟದ ಕೆಲಸವೇ ನಿಜವಾದ ಕೆಲಸ. ಶೀಟ್‌ಗೆ ಅಂಚು ಎಂಬುದಿಲ್ಲ. ಎಕ್ಸೆಲ್‌ನಲ್ಲಿ 16,384 ಕಾಲಂ, 10,48,576 ಸಾಲುಗಳವರೆಗೆ ಹೋಗಬಹುದು. ಪಿಡಿಎಫ್ ಎಂದರೆ ಅಳತೆ ಕತ್ತರಿಸಿದ ಕಾಗದ. ಆ ಅಳತೆಯನ್ನು ನೀವು ಹೇಳದಿದ್ದರೆ ತಂತ್ರಾಂಶವೇ ತನಗೆ ತೋಚಿದಲ್ಲಿ ಕತ್ತರಿಸುತ್ತದೆ, ಆಗ ಹೆಸರು ಒಂದನೆಯ ಪುಟದಲ್ಲಿಯೂ ಅವನ ಬಾಕಿ ಒಂಬತ್ತನೆಯ ಪುಟದಲ್ಲಿಯೂ ಬರುತ್ತದೆ.

ಎಕ್ಸೆಲ್‌ನಲ್ಲಿ ‘ಪೇಜ್ ಲೇಔಟ್’ಗೆ ಹೋಗಿ, ಬೇಕಾದ ಭಾಗವನ್ನಷ್ಟೇ ‘ಪ್ರಿಂಟ್ ಏರಿಯಾ’ ಎಂದು ಗುರುತಿಸಿ. ಅಗಲಕ್ಕೆ ಒಂದು ಪುಟ ಎಂದೂ ಎತ್ತರಕ್ಕೆ ‘ಆಟೊಮ್ಯಾಟಿಕ್’ ಎಂದೂ ಕೊಡಿ. ಎರಡಕ್ಕೂ ಒಂದು ಎಂದು ಕೊಟ್ಟರೆ 186 ಸಾಲು ಒಂದೇ ಪುಟದಲ್ಲಿ ಇರುವೆಯ ಸಾಲಾಗುತ್ತವೆ. ‘ಪ್ರಿಂಟ್ ಟೈಟಲ್ಸ್’ನಲ್ಲಿ ತಲೆಬರಹದ ಸಾಲನ್ನು ಪ್ರತಿ ಪುಟದ ಮೇಲೂ ಬರುವಂತೆ ಮಾಡಿ. ಇದನ್ನು ಪೇಜ್ ಲೇಔಟ್‌ನಿಂದಲೇ ತೆರೆಯಬೇಕು. ಪ್ರಿಂಟ್ ಕಿಟಕಿಯೊಳಗಿಂದ ಹೋದರೆ ಆ ಜಾಗ ಮಸುಕಾಗಿರುತ್ತದೆ, ಬಹಳ ಜನ ಅಲ್ಲಿಯೇ ಸೋತು ಬರುತ್ತಾರೆ. ಗೂಗಲ್ ಶೀಟ್ಸ್ ಬಳಸುವವರು ಮೇಲಿನ ಸಾಲನ್ನು ‘ಫ್ರೀಜ್’ ಮಾಡಿ, ಪ್ರಿಂಟ್ ಆಯ್ಕೆಗಳಲ್ಲಿ ಆ ಸಾಲು ಪ್ರತಿ ಪುಟದಲ್ಲೂ ಮರಳಿ ಬರಲಿ ಎಂದು ಗುರುತು ಹಾಕಿದರೆ ಆಯಿತು. ಕಾಲಂ ಇಕ್ಕಟ್ಟಾಗಿ ಅಂಕಿಯ ಬದಲು ಚೌಕುಳಿ ಗುರುತುಗಳು (####) ಕಾಣುತ್ತಿದ್ದರೆ ಪಿಡಿಎಫ್‌ನಲ್ಲಿಯೂ ಅವೇ ಅಚ್ಚಾಗುತ್ತವೆ. ಶೀಟ್‌ನಲ್ಲಿ ಕಾಲಂ ಹಿಗ್ಗಿಸಿ ನೋಡಬಹುದು, ಪಿಡಿಎಫ್‌ನಲ್ಲಿ ಹಿಗ್ಗಿಸಲು ಏನೂ ಇರುವುದಿಲ್ಲ.

ತಿಕೋಟಾದ ದ್ರಾಕ್ಷಿ ಬೆಳೆಗಾರ · ಸೋಮವಾರ, ರಾತ್ರಿ 9.30

ಇಷ್ಟೆಲ್ಲ ಮಾಡಿದ ಮೇಲೂ ಎ4 ಪುಟವನ್ನು ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ, ಎಡಕ್ಕೆ ಎಳೆದು, ಬಲಕ್ಕೆ ಎಳೆದು ಓದುವುದು ತಪ್ಪುವುದಿಲ್ಲ. ಹೊಲದಲ್ಲಿ ಬಿಸಿಲಿಗೆ ನಿಂತು ಒಮ್ಮೆ ಪ್ರಯತ್ನಿಸಿ ನೋಡಿ.

ಬೆಳಗಾವಿಯ ಛಾಪಖಾನೆಯವ · ಸೋಮವಾರ, ರಾತ್ರಿ 10.10

ಒಪ್ಪಿದೆ. ಆದರೆ ಎ4 ಅನ್ನೇ ಬಳಸಬೇಕೆಂದು ಯಾರು ಹೇಳಿದರು? ಅದು ಮುದ್ರಣದ ಅಳತೆ. ಫೋನಿನ ಪರದೆಯ ಅಗಲ ಸುಮಾರು 70 ಮಿಲಿಮೀಟರ್ ಎಂದು ಹಿಡಿಯಿರಿ. ನಿಲುವಾದ ಎ4 ಹಾಳೆ 210 ಮಿಲಿಮೀಟರ್ ಅಗಲವಿರುವುದರಿಂದ ಪರದೆಯಲ್ಲಿ ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, 12 ಪಾಯಿಂಟಿನ ಅಕ್ಷರ 4 ಪಾಯಿಂಟಿನಂತೆ ಕಾಣುತ್ತದೆ. ಅಡ್ಡ ಹಾಳೆಯಾದರೆ 297 ಮಿಲಿಮೀಟರ್, ಅಕ್ಷರ 3 ಪಾಯಿಂಟಿಗೂ ಕಡಿಮೆ. ಅದನ್ನೇ 105 ಮಿಲಿಮೀಟರ್ ಅಗಲದ ಎ6 ಅಳತೆಗೆ ಮಾಡಿದರೆ 12 ಪಾಯಿಂಟು 8 ಪಾಯಿಂಟಾಗಿ ಕಾಣುತ್ತದೆ, ಹಿಗ್ಗಿಸದೆ ಓದಬಹುದು. ಎ6ನಲ್ಲಿ ನಾಲ್ಕೈದು ಕಾಲಂ ಮಾತ್ರ ಹಿಡಿಯುತ್ತವೆ ಎಂಬುದು ಕೊರತೆಯಲ್ಲ. ಲೆಕ್ಕಿಗರೇ ಹೇಳಿದಂತೆ ಜನರಿಗೆ ಬೇಕಾದದ್ದೂ ಅಷ್ಟೇ.

ಎಕ್ಸೆಲ್ ತೋರಿಸುವ ಕಾಗದದ ಅಳತೆಗಳು ಆರಿಸಿದ ಪ್ರಿಂಟರ್‌ಗೆ ತಕ್ಕಂತೆ ಇರುವುದರಿಂದ ಎ6 ಸಿಗದೆಯೂ ಇರಬಹುದು. ಲಿಬ್ರೆಆಫೀಸ್‌ನ ‘ಪೇಜ್ ಸ್ಟೈಲ್’ನಲ್ಲಿ ಅಗಲ, ಎತ್ತರಗಳನ್ನು ನೀವೇ ಅಂಕಿಯಲ್ಲಿ ಬರೆಯಬಹುದು.

ಬೀಳಗಿಯ ನಿವೃತ್ತ ತಲಾಟಿ · ಮಂಗಳವಾರ, ಬೆಳಿಗ್ಗೆ 6.15

ಎಲ್ಲರ ಬರಹವನ್ನೂ ಓದಿದೆ. ನನಗೆ ಕಂಪ್ಯೂಟರ್ ತಿಳಿಯುವುದು ಅಷ್ಟಕ್ಕಷ್ಟೇ, ಆದರೆ ಎಕರೆ-ಗುಂಟೆ ತಿಳಿಯುತ್ತದೆ. ಲೆಕ್ಕಿಗರು ಖರ್ಚಿನ ಪಾಲನ್ನು ಹೊಲದ ಕ್ಷೇತ್ರದ ಮೇಲೆ ಹಾಕುತ್ತಾರೆಂದರೆ ಒಂದು ಮಾತು ಕೇಳಬೇಕು: ಎರಡು ಎಕರೆ ಮೂವತ್ತು ಗುಂಟೆಯನ್ನು ಶೀಟ್‌ನಲ್ಲಿ ಹೇಗೆ ಬರೆದಿದ್ದೀರಿ?

ಅದನ್ನು 2.30 ಎಂದೂ, ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1.20 ಎಂದೂ ಬರೆದಿದ್ದರೆ ಯಂತ್ರವು ಎರಡನ್ನೂ ಕೂಡಿಸಿ 3.50 ಎನ್ನುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆ. ಸರಿಯಾದ ಮೊತ್ತ ನಾಲ್ಕು ಎಕರೆ ಹತ್ತು ಗುಂಟೆ. ಇನ್ನೂ ಕೆಟ್ಟದ್ದೆಂದರೆ 1.20ರ ಕೊನೆಯ ಸೊನ್ನೆಯನ್ನು ಯಂತ್ರ ನುಂಗಿ 1.2 ಎಂದು ತೋರಿಸುತ್ತದೆ. ಓದಿದವನು ಒಂದು ಎಕರೆ ಎರಡು ಗುಂಟೆ ಎಂದುಕೊಳ್ಳುತ್ತಾನೆ. ಅಡ್ಡಗೆರೆ ಹಾಕಿ 2-10 ಎಂದು ಬರೆದರೆ ಅದು ಅಕ್ಟೋಬರ್ ಎರಡನೆಯ ತಾರೀಖಾಗುತ್ತದೆ ಎಂದು ನನ್ನ ಮೊಮ್ಮಗಳು ತೋರಿಸಿಕೊಟ್ಟಳು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಎಕರೆ, ಗುಂಟೆ, ಆಣೆ ಎಂದು ಬೇರೆ ಬೇರೆ ಬರೆಯುವ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಶೀಟ್ ಇದ್ದರೆ ಇಂತಹ ತಪ್ಪನ್ನು ಯಾರಾದರೂ ಹಿಡಿದಾರು. ಪಿಡಿಎಫ್ ಆದ ಮೇಲೆ ಅದು ಅಚ್ಚಿನ ಅಕ್ಷರ. ಜನ ಅಚ್ಚಾದದ್ದನ್ನು ನಂಬುತ್ತಾರೆ. ಈ ಒಂದು ವಿಷಯದಲ್ಲಿ ನಾನು ತಿಕೋಟಾದವರ ಕಡೆಗಿದ್ದೇನೆ.

ಜಮಖಂಡಿಯ ಲೆಕ್ಕಿಗ · ಮಂಗಳವಾರ, ಬೆಳಿಗ್ಗೆ 8.00

ತಲಾಟಿ ಸಾಹೇಬರೇ, ತಮ್ಮ ಬರಹ ಓದಿ ಚಹ ಆರಿಹೋಗುವವರೆಗೂ ಸುಮ್ಮನೆ ಕುಳಿತೆ. ನಾನು ನಾಲ್ಕು ವರ್ಷಗಳಿಂದ ಬಿಂದು ಹಾಕಿಯೇ ಬರೆಯುತ್ತ ಬಂದಿದ್ದೇನೆ. ಇಂದು ಮೊದಲು ಆ ಕೆಲಸ.

ಗುಳೇದಗುಡ್ಡದ ಗುಮಾಸ್ತ · ಮಂಗಳವಾರ, ಬೆಳಿಗ್ಗೆ 10.25

ಲೆಕ್ಕಿಗರೇ, ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಮಾಡಿ. ಎಕರೆಯನ್ನು ನಲವತ್ತರಿಂದ ಗುಣಿಸಿ ಗುಂಟೆ ಕೂಡಿಸಿ ಒಟ್ಟು ಗುಂಟೆಯ ಮೂರನೆಯ ಕಾಲಂ ಮಾಡಿಕೊಳ್ಳಿ. ಖರ್ಚಿನ ಪಾಲನ್ನು ಅದರ ಮೇಲೆಯೇ ಹಾಕಿದರೆ ತೊಡಕಿರುವುದಿಲ್ಲ.

ಹಾಗೆಯೇ ಬ್ಯಾಂಕ್ ಖಾತೆಯ ಕಾಲಮನ್ನು ಒಮ್ಮೆ ನೋಡಿಕೊಳ್ಳಿ. ಅದನ್ನು ಅಂಕಿಯೆಂದು ಬರೆದಿದ್ದರೆ ಮೊದಲ ಸೊನ್ನೆಗಳು ಹೋಗಿರುತ್ತವೆ, ಮತ್ತು ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ಸರಿಯಾಗಿ ಹಿಡಿಯುವುದರಿಂದ ಅದಕ್ಕಿಂತ ಉದ್ದದ ಖಾತೆಯ ಕೊನೆಯ ಅಂಕಿಗಳು ಸೊನ್ನೆಯಾಗಿರುತ್ತವೆ. ಆ ಕಾಲಮನ್ನು ಮೊದಲೇ ‘ಟೆಕ್ಸ್ಟ್’ ಎಂದು ಮಾಡಿ ಆಮೇಲೆ ಬರೆಯಬೇಕು. ಬರೆದ ಮೇಲೆ ಬದಲಿಸಿದರೆ ಹೋದ ಅಂಕಿ ಮರಳುವುದಿಲ್ಲ.

ಸವದತ್ತಿಯ ಶಿಕ್ಷಕ · ಮಂಗಳವಾರ, ಸಂಜೆ 5.50

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ನನ್ನದೂ ಹತ್ತಿರದ ಪ್ರಶ್ನೆಯೇ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ತಯಾರಿಸಿದ ಒಂದು ಹೆಸರುಪಟ್ಟಿ ನನ್ನ ಬಳಿ ಇದೆ. ಎಕ್ಸೆಲ್ ಕಡತವನ್ನು ಬೇರೆಯವರ ಫೋನಿಗೆ ಕಳುಹಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪಿಡಿಎಫ್ ಮಾಡಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಬ್ರೌಸರ್‌ನಲ್ಲಿ ಹೆಸರು ಹುಡುಕಿದರೆ ಒಂದೂ ಸಿಗುವುದಿಲ್ಲ. ಕಣ್ಣಿಗೆ ಕಾಣುವುದು ಹುಡುಕಾಟಕ್ಕೆ ಏಕೆ ಕಾಣುವುದಿಲ್ಲ?

ವಿಜಯಪುರದ ಕಂಪ್ಯೂಟರ್ ಉಪನ್ಯಾಸಕಿ · ಮಂಗಳವಾರ, ರಾತ್ರಿ 9.00

ಗುರುಗಳೇ, ಆ ಹಳೆಯ ಅಕ್ಷರಶೈಲಿಗಳಲ್ಲಿ ಕಡತದೊಳಗೆ ಇರುವುದು ನಿಜವಾಗಿಯೂ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಬರೆದಿಟ್ಟಿರುತ್ತಾರೆ. ಅಕ್ಷರಶೈಲಿ ಇಲ್ಲದ ಫೋನಿನಲ್ಲಿ ಒಳಗಿನದು ಹೊರಗೆ ಕಾಣುತ್ತದೆ. ಪಿಡಿಎಫ್ ತನ್ನೊಳಗೆ ಅಕ್ಷರಶೈಲಿಯನ್ನೂ ಹೊತ್ತುಕೊಂಡು ಹೋಗುವುದರಿಂದ ಎಲ್ಲೆಡೆ ಸರಿಯಾಗಿ ಕಾಣುತ್ತದೆ. 1993ರಲ್ಲಿ ಅಡೋಬಿ ಸಂಸ್ಥೆ ಈ ರೂಪವನ್ನು ಹೊರತಂದ ಉದ್ದೇಶವೇ ಅದು: ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ಬಗೆಯಾಗಿ ಕಾಣಬೇಕು. ಆದರೆ ತಾವು ಯುನಿಕೋಡ್ ಕನ್ನಡದಲ್ಲಿ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಇಂದಿನ ಪದ್ಧತಿ) ಟೈಪಿಸಿ ಹುಡುಕುವಾಗ, ಒಳಗಿರುವ ಆ ಇಂಗ್ಲಿಷ್ ಸಂಕೇತಗಳಿಗೂ ತಮ್ಮ ಪದಕ್ಕೂ ಹೋಲಿಕೆಯೇ ಇರುವುದಿಲ್ಲ. ಪಟ್ಟಿಯನ್ನು ಯುನಿಕೋಡ್‌ಗೆ ಪರಿವರ್ತಿಸಿದ ಹೊರತು ಇದು ಸರಿಹೋಗುವುದಿಲ್ಲ.

ಯುನಿಕೋಡ್‌ನಲ್ಲಿದ್ದರೂ ಪೂರ್ಣ ಭರವಸೆ ಬೇಡ. ಪಿಡಿಎಫ್ ಒಳಗೆ ಅಕ್ಷರಗಳು ನಾವು ಟೈಪಿಸಿದ ಕ್ರಮದಲ್ಲಲ್ಲದೆ, ಪುಟದ ಮೇಲೆ ಬರೆದ ರೂಪಗಳ ಕ್ರಮದಲ್ಲಿ ಇರಬಹುದು. ಒತ್ತಕ್ಷರವಿರುವ ‘ಬಸಪ್ಪ’ನನ್ನು ಹುಡುಕಿದರೆ ಒಮ್ಮೊಮ್ಮೆ ಸಿಗುತ್ತಾನೆ, ಒಮ್ಮೊಮ್ಮೆ ಸಿಗುವುದಿಲ್ಲ, ಪಿಡಿಎಫ್ ತಯಾರಿಸಿದ ತಂತ್ರಾಂಶದ ಮೇಲೆ ಅದು ನಿಂತಿರುತ್ತದೆ. ಆದ್ದರಿಂದ ಲೆಕ್ಕಿಗರಿಗೂ ನನ್ನ ಸಲಹೆ ಇದು: ಪ್ರತಿ ಖಾತೆದಾರನಿಗೆ ಒಂದು ಸಂಖ್ಯೆ ಕೊಟ್ಟು, ಹುಡುಕುವವರು ಆ ಸಂಖ್ಯೆಯನ್ನೇ ಹುಡುಕಲಿ. 12 ಎಂದು ಬರೆದರೆ 112ರಲ್ಲಿಯೂ ಸಿಗುತ್ತದೆ. 012, 112 ಎಂದು ಮೂರಂಕಿಯಲ್ಲಿ ಬರೆಯಿರಿ. ಸೊನ್ನೆ ಉಳಿಯಬೇಕಾದರೆ ಆ ಕಾಲಮೂ ಗುಮಾಸ್ತರು ಹೇಳಿದಂತೆ ಟೆಕ್ಸ್ಟ್ ಆಗಿರಬೇಕು. ಅಂಕಿಗಳನ್ನು ಇಂಗ್ಲಿಷ್ ರೂಪದಲ್ಲಿಯೇ ಇಡಿ, ಎಲ್ಲರ ಕೀಲಿಮಣೆಯಲ್ಲಿಯೂ ಅವು ಇರುತ್ತವೆ.

ರೂಪಾಯಿ ಚಿಹ್ನೆಯ ಕುರಿತೂ ಒಂದು ಸಾಲು: ಅದು ಬಂದದ್ದು 2010ರಲ್ಲಿ. ಅದಕ್ಕಿಂತ ಹಳೆಯ ಅಕ್ಷರಶೈಲಿ ಬಳಸಿದರೆ ಆ ಜಾಗದಲ್ಲಿ ಖಾಲಿ ಚೌಕ ಅಚ್ಚಾಗಬಹುದು. ‘ರೂ.’ ಎಂದು ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಜಮಖಂಡಿಯ ಲೆಕ್ಕಿಗ · ಶನಿವಾರ, ರಾತ್ರಿ 8.20

ಎಲ್ಲರ ಸಲಹೆಯಂತೆ ಮಾಡಿದೆ. ಹಂಚುವ ಪ್ರತಿಯನ್ನು ಬೇರೆ ಕಡತ ಮಾಡಿ, ಅದರಲ್ಲಿ ಸಂಖ್ಯೆ, ಹೆಸರು, ದಿನ, ತಾಸು, ಬಾಕಿ ಎಂಬ ಐದೇ ಕಾಲಂ ಇಟ್ಟೆ. ಎ6 ಅಳತೆಯಲ್ಲಿ ಲಿಬ್ರೆಆಫೀಸ್‌ನಿಂದ ಪಿಡಿಎಫ್ ಮಾಡಿದರೆ ಒಂಬತ್ತು ಪುಟ ಬಂತು. ಡ್ರೈವ್‌ಗೆ ಏರಿಸಿ ಕೊಂಡಿ ಕೊಟ್ಟೆ. ಬಹುತೇಕರಿಗೆ ತೆರೆಯಿತು.

ಎರಡು ತೊಂದರೆ ಉಳಿದಿವೆ. ಊರಿನ ಒಬ್ಬ ಹುಡುಗ ನಮ್ಮ ಗುಂಪಿಗೆಂದು ಒಂದು ಚಿಕ್ಕ ಜಾಲತಾಣ ಮಾಡಿಕೊಟ್ಟಿದ್ದಾನೆ. ಅದೇ ಪಿಡಿಎಫ್ ಅನ್ನು ಅಲ್ಲಿ ಹಾಕಿದರೆ ಕೆಲವರ ಫೋನಿನಲ್ಲಿ ಈಗಲೂ ಡೌನ್‌ಲೋಡ್ ಆಗುತ್ತದೆ. ಮತ್ತು ಅದೇ ಹೆಸರಿನಲ್ಲಿ ಹೊಸ ಕಡತ ಹಾಕಿದರೂ ಕೆಲವರಿಗೆ ಹಳೆಯ ವಾರದ ಪಟ್ಟಿಯೇ ಕಾಣುತ್ತದೆ. ಇದರಲ್ಲಿ ಎರಡನೆಯದು ಅಪಾಯಕಾರಿ, ಏಕೆಂದರೆ ಹಳೆಯ ಪಟ್ಟಿ ನೋಡಿದವನು ರಾತ್ರಿ ಎರಡಕ್ಕೆ ಎದ್ದು ಬಂದು ಬೇರೆಯವನ ಪಾಳಿಯಲ್ಲಿ ವಾಲ್ವ್ ತಿರುಗಿಸುತ್ತಾನೆ.

ವಿಜಯಪುರದ ಕಂಪ್ಯೂಟರ್ ಉಪನ್ಯಾಸಕಿ · ಭಾನುವಾರ, ಬೆಳಿಗ್ಗೆ 10.40

ಮೊದಲನೆಯದು ಎಲ್ಲ ಸಂದರ್ಭಗಳಲ್ಲಿಯೂ ನಮ್ಮ ಕೈಯಲ್ಲಿಲ್ಲ. ಮೊದಲು ಪಿಡಿಎಫ್ ನೋಡಬೇಕಾದರೆ ಬೇರೆ ತಂತ್ರಾಂಶ ಬೇಕಿತ್ತು. ಕಂಪ್ಯೂಟರ್‌ನಲ್ಲಿ ಕ್ರೋಮ್ 2010ರಿಂದಲೂ, ಫೈರ್‌ಫಾಕ್ಸ್ 2013ರಿಂದಲೂ ತಾವೇ ಪಿಡಿಎಫ್ ತೋರಿಸುತ್ತಿವೆ. ಐಫೋನಿನ ಸಫಾರಿಯೂ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಕ್ರೋಮ್ ಮಾತ್ರ ಬಹುಕಾಲ ಪಿಡಿಎಫ್ ಅನ್ನು ಇಳಿಸಿಕೊಂಡು ಬೇರೆ ಆ್ಯಪ್‌ಗೆ ಒಪ್ಪಿಸುತ್ತಿತ್ತು, ಹಳೆಯ ಫೋನುಗಳಲ್ಲಿ ಈಗಲೂ ಹಾಗೆಯೇ ಆಗುತ್ತದೆ. ಡ್ರೈವ್‌ನ ಕೊಂಡಿಯಲ್ಲಿ ಈ ತೊಂದರೆ ಕಾಣದಿರಲು ಕಾರಣವೆಂದರೆ, ಅಲ್ಲಿ ಪುಟಗಳನ್ನು ತೋರಿಸುವುದು ಡ್ರೈವ್‌ನದೇ ವೀಕ್ಷಕ. ಕಂಪ್ಯೂಟರ್‌ನಲ್ಲಿಯೂ ಡೌನ್‌ಲೋಡ್ ಆಗುತ್ತಿದ್ದರೆ ಮಾತ್ರ, ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಪಿಡಿಎಫ್ ಕುರಿತ ಆಯ್ಕೆಯನ್ನು ನೋಡಿ, ಹಾಗೂ ಆ ಹುಡುಗ ಕೊಂಡಿಗೆ ‘ಡೌನ್‌ಲೋಡ್’ ಎಂಬ ಗುಣವನ್ನು ಸೇರಿಸಿದ್ದಾನೆಯೇ ಎಂದು ಕೇಳಿ.

ಎರಡನೆಯದಕ್ಕೆ ಕಾರಣ, ಬ್ರೌಸರ್ ಒಮ್ಮೆ ಇಳಿಸಿಕೊಂಡದ್ದನ್ನು ತನ್ನ ಬಳಿ ಇಟ್ಟುಕೊಂಡು ಮತ್ತೆ ಅದನ್ನೇ ತೋರಿಸುವುದು. ಪುಟದಲ್ಲಿ ಹಾಕುವ ಕೊಂಡಿಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅದರ ಮುಂದೆ ಆ ವಾರದ ದಿನಾಂಕ ಬರೆದರೆ, ಬ್ರೌಸರ್ ಅದನ್ನು ಹೊಸ ಕೊಂಡಿಯೆಂದು ತಿಳಿದು ಹೊಸ ಕಡತ ತರುತ್ತದೆ. ಸರ್ವರ್‌ನಲ್ಲಿ ಕಡತದ ಹೆಸರು ಬದಲಾಗಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಪುಟದ ತಲೆಯ ಮೇಲೆ ‘ಇಂತಹ ದಿನದಿಂದ ಇಂತಹ ದಿನದವರೆಗಿನ ಪಾಳಿ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ತಿಂಗಳನ್ನು ಅಕ್ಷರದಲ್ಲಿಯೇ ಬರೆಯಿರಿ. 03/04 ಎಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂಬುದು ಶೀಟ್‌ನ ಲೊಕೇಲ್ (ಯಾವ ದೇಶದ ಪದ್ಧತಿ ಎಂಬ ಆಯ್ಕೆ) ನೋಡಿದವರಿಗಷ್ಟೇ ಗೊತ್ತಾಗುತ್ತದೆ, ಪಿಡಿಎಫ್ ನೋಡಿದವರಿಗಲ್ಲ.

ಬೆಳಗಾವಿಯ ಛಾಪಖಾನೆಯವ · ಭಾನುವಾರ, ಮಧ್ಯಾಹ್ನ 12.15

ಬ್ರೌಸರ್‌ನ ಟ್ಯಾಬ್ ಮೇಲೆ ಏನು ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಅಲ್ಲಿ ಕಡತದ ಹೆಸರಿಗಿಂತ ಮೊದಲು, ಪಿಡಿಎಫ್‌ನೊಳಗಿನ ಶೀರ್ಷಿಕೆ ಕಾಣಿಸುತ್ತದೆ. ಹಳೆಯ ಕಡತವನ್ನೇ ತಿದ್ದಿ ತಿದ್ದಿ ಬಳಸುವವರಲ್ಲಿ ಆ ಶೀರ್ಷಿಕೆ ಯಾವ ಕಾಲದ್ದೋ ಆಗಿರುತ್ತದೆ. ನಮ್ಮಲ್ಲಿಗೆ ಬಂದ ಒಂದು ಜಾತ್ರೆಯ ಜಮಾ-ಖರ್ಚಿನ ಪಿಡಿಎಫ್ ತೆರೆದರೆ ಮೇಲೆ ‘ಮದುವೆಯ ಅಡುಗೆ ಸಾಮಾನು’ ಎಂದು ಇತ್ತು.

ಬೀಳಗಿಯ ನಿವೃತ್ತ ತಲಾಟಿ · ಭಾನುವಾರ, ಸಂಜೆ 4.30

ಲೆಕ್ಕಿಗರೇ, ಗುಂಟೆಯ ಲೆಕ್ಕ ಏನಾಯಿತು?

ಜಮಖಂಡಿಯ ಲೆಕ್ಕಿಗ · ಭಾನುವಾರ, ರಾತ್ರಿ 9.10

ಸಾಹೇಬರೇ, ಎರಡು ರಾತ್ರಿ ಕುಳಿತು 186 ಜನರ ಕ್ಷೇತ್ರವನ್ನು ಉತಾರ ಮುಂದಿಟ್ಟುಕೊಂಡು ಮತ್ತೆ ಬರೆದೆ. ಪೂರ್ಣ ಎಕರೆಯವರು ಹೆಚ್ಚು ಕೊಟ್ಟಿದ್ದಾರೆ, ಗುಂಟೆ ಉಳ್ಳವರು ಕಡಿಮೆ ಕೊಟ್ಟಿದ್ದಾರೆ. ಒಬ್ಬೊಬ್ಬರದು ದೊಡ್ಡ ಮೊತ್ತವಲ್ಲ, ಆದರೆ ನಾಲ್ಕು ವರ್ಷದ್ದು. ಬರುವ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿ, ಮುಂದಿನ ಬಿಲ್ಲಿನಲ್ಲಿ ಹೊಂದಿಸಿಕೊಳ್ಳಲು ಒಪ್ಪಿಗೆ ಕೇಳುತ್ತೇನೆ.

ಆದ್ದರಿಂದ ತಿಕೋಟಾದ ಬೆಳೆಗಾರರ ಮಾತನ್ನೂ ಒಪ್ಪಿಕೊಂಡಿದ್ದೇನೆ. ಪಾಳಿಯ ಪಿಡಿಎಫ್ ಎಲ್ಲರಿಗೂ ಇರುತ್ತದೆ. ಅದರ ಕೊನೆಯ ಪುಟದಲ್ಲಿ ಎರಡನೆಯ ಕೊಂಡಿ ಕೊಟ್ಟಿದ್ದೇನೆ. ಅಲ್ಲಿ ಫೋನ್, ಬ್ಯಾಂಕ್ ವಿವರಗಳಿಲ್ಲದ, ಖಾತೆ ಸಂಖ್ಯೆ, ಎಕರೆ, ಗುಂಟೆ ಮತ್ತು ಸೂತ್ರಗಳಿರುವ ಶೀಟ್ ಇದೆ, ನೋಡಲು ಮಾತ್ರ.

ತಿಕೋಟಾದ ದ್ರಾಕ್ಷಿ ಬೆಳೆಗಾರ · ಭಾನುವಾರ, ರಾತ್ರಿ 9.45

ತೆರೆದು ನೋಡಿದೆ. ಒಟ್ಟು ಗುಂಟೆಯ ಸೂತ್ರ ಸರಿಯಾಗಿದೆ. 147ನೆಯ ಸಾಲಿನಲ್ಲಿ ಗುಂಟೆಯ ಮನೆಯಲ್ಲಿ 45 ಎಂದಿದೆ. ನಲವತ್ತನ್ನು ಮೀರಿರುವುದರಿಂದ ಒಮ್ಮೆ ಉತಾರ ನೋಡಿ.

ಜಮಖಂಡಿಯ ಲೆಕ್ಕಿಗ · ಭಾನುವಾರ, ರಾತ್ರಿ 10.05

ನೋಡಿದೆ, ಅದು 15. ತಿದ್ದಿ, ಹೊಸ ಆವೃತ್ತಿ ಏರಿಸಿದ್ದೇನೆ. ಫೋನೇ ಇಲ್ಲದ ಹನ್ನೊಂದು ಜನರಿಗಾಗಿ ಎ4 ಅಳತೆಯ ಪ್ರತಿಯೊಂದನ್ನು ನಾಳೆ ಅಚ್ಚು ಹಾಕಿಸಿ ಪಂಪ್‌ಹೌಸಿನ ಬಾಗಿಲಿಗೆ ಅಂಟಿಸುತ್ತೇನೆ. ಕೊಂಡಿ ಬದಲಾಗುವುದಿಲ್ಲವಾದ್ದರಿಂದ ಅದರ ಕ್ಯೂಆರ್ ಕೋಡ್ ಅನ್ನು ಬಾಗಿಲ ಪಕ್ಕದಲ್ಲಿ ಬಣ್ಣದಲ್ಲಿಯೇ ಬರೆಸೋಣ ಎನ್ನುತ್ತಿದ್ದಾನೆ ಆ ಹುಡುಗ. ನಾನು ಸದ್ಯಕ್ಕೆ ಲ್ಯಾಮಿನೇಶನ್ ಸಾಕು ಎಂದಿದ್ದೇನೆ.